ಸೂಜಿ ಡಾಕ್ಟರ್ ಬಂದಾನಂತ ದಡ್ಡಿ ಹೊಕ್ಕವರು

ಹಂಗಲ್ರೋ ಹುಡುಗರಾ, ಪೊಲೀಸರು ಬಂದಾರಂತ ಗೊತ್ತಿದ್ರ ನಮ್ಮವರು ಜ್ವಾಳದ ಹೊಲಾ ಹೊಕ್ಕು ಓಡತಿದ್ರು. ಡಾಕ್ಟರ್ ಬಂದಾರಂದ್ರು ನೋಡ, ಅಲ್ಲೇ ಮೋಸ ಹೋದ್ವಿ. ಎಮರ್ಜನ್ಸಿ ಕಾಲ ಅದು. ಅಕ್ಕಲಕೋಟ ಕಡೀ ನಮ್ಮ ಹಳ್ಳಿ, ಮನಿಮನಿಗೂ ಕುರಿ. ಮಳಿಗಾಲ ಮುಗದ ಮ್ಯಾಲೆ ಕುರಿಗೆ ಸೂಜಿ ಹಾಕಾಕ ಪ್ರತಿ ವರ್ಷ ದನದ ಡಾಕ್ಟರ್ ಬರತಿದ್ದ. ಅಂವ ಬಂದ್ರ ಕುರಿ ಎಲ್ಲಾ ಮುಳ್ಳುಬೇಲಿ ದಡ್ಡಿಗೆ ಹೊಡದು, ಗಂಡಸರು ಒಳಗ ನಿಂತು ಅವುಗಳ ಕಾಲು ಹಿಡಕೋಬೇಕು, ತಿಳೀತಿಲ್ಲೋ, ಅದು ನಮ್ಮ ಪದ್ಧತಿ. ಅವತ್ತೂ ಜೀಪ್ ಬಂತು, ‘ಡಾಕ್ಟರ್ ಬಂದಾರ, ಬರ್ರಿ’ ಅಂದ್ರು. ತಾವಾಗೇ ದಡ್ಡಿ ಹೊಕ್ಕು ಕುರಿ ಹಿಡಕೊಂಡು ನಿಂತ್ರಪ್ಪಾ ನಮ್ಮ ಶಾಣ್ಯಾರು! ಜೀಪಿನಿಂದ ಇಳದ ಪೊಲೀಸ ಮುಳ್ಳಿನ ಬಾಗಿಲಾ ಎಳದು ಮುಚ್ಚಿದ. ‘ಕುರಿ ಬಿಡ್ರಿ, ಜೀಪ್ ಹತ್ರಿ’ ಅಂದ. ಸರಕಾರ ಹಿಡಿಸಿದ್ದು ಗಂಡಸರ ಆಪರೇಶನ್ನಿಗೆ, ಮುಂದ ಮಕ್ಕಳಾಗದ್ಹಂಗ ಮಾಡೋದು.

ನನ್ನ ಲಗ್ನಾಗಿ ವರ್ಷ ತುಂಬಿರಲಿಲ್ಲ. ದಡ್ಡಿಯೊಳಗ ನನ್ನ ಗಂಡಾನೂ ಇದ್ದ, ನಿಮ್ಮ ದೊಡ್ಡ ಮುತ್ಯಾ. ನಮ್ಮತ್ತಿ ಓಡಿಬಂದು ಕಾಲಿಗೆ ಬಿದ್ಲು. ‘ಸಾಹೇಬ್ರ, ನನ್ನ ಮಗಗ ಇನ್ನಾ ಒಂದೂ ಕೂಸಿಲ್ರಿ!’ ‘ಎಲ್ಲಾರೂ ಹಂಗೇ ಅಂತಾರ. ಚಲಾ, ಬಸಾ!’ ನಡೀರಿ, ಕೂಡ್ರಿ ಅಂತ ಪೊಲೀಸ ಮರಾಠಿಯೊಳಗ ಒದರಿದ. ನನಗೆಲ್ಲಿಂದ ಬಂತೋ ಧೈರ್ಯ, ‘ಇದ್ಯಾವ ಕಾಯ್ದೇರಿ?’ ಅಂದೆ. ‘ಕಾಯ್ದೆ ಕೇಳತೀ? ನಿನ್ನೂ ಹತ್ತಸಲೇನ?’ ಅಂದ. ಜೀಪ್ ಎಲ್ಲಾರನ್ನೂ ತುಂಬಕೊಂಡು ಅಕ್ಕಲಕೋಟ ದವಾಖಾನಿಗೆ ಹೋತು.

ನಾನೂ ಅತ್ತೀನೂ ಅಕ್ಕಲಕೋಟಕ್ಕ ಬಸ್ಸಿಗೆ ಹ್ವಾದ್ವಿ, ಅಲ್ಲ, ಬಸ್ಸೆಲ್ಲಿತ್ತು, ಶೇಂಗಾ ಗಾಡಿ ಹತ್ತಿ ಹ್ವಾದ್ವಿ. ಅಲ್ಲೊಬ್ಬ ವಕೀಲ ಇದ್ದ, ಚಲೋ ಮನಶ್ಯಾ. ಮದಲ ಎದ್ದು ಬಾಗಿಲಾ ಮುಚ್ಚಿದ. ‘ತಂಗಿ, ಒಬ್ಬರ ಮೈಮ್ಯಾಲೆ ಜಬರದಸ್ತಿ ಮಾಡಾಕ ಸರಕಾರಕ್ಕೂ ಹಕ್ಕಿಲ್ಲ. ಘಟನಾದಾಗ, ಅಂದ್ರ ಸಂವಿಧಾನದಾಗ, ಬರದಿಟ್ಟಾರ. ಆದ್ರ ಈಗ ಅದನ್ನ ಕೇಳಿದವರನ್ನೇ ಜೇಲಿಗೆ ಹಾಕಾಕತ್ತಾರ. ನನಗೂ ಹೆಂಡತಿ ಮಕ್ಕಳು ಅದಾರವಾ’ ಅಂದ. ಹೇಳತಾ ಹೇಳತಾ ಎದ್ದು ಕಿಟಕೀನೂ ಮುಚ್ಚಿದ. ನನಗ ಪೊಲೀಸನ್ನ ನೋಡಿ ಆಗಲಾರದ ಅಂಜಿಕಿ ಆ ವಕೀಲನ್ನ ನೋಡಿ ಆತು. ಕಾಯ್ದೆ ಓದಿದವನೇ ಹಿಂಗ ಅಂಜಿದ್ರ ನಾವು ಯಾರ ಹಂತೇಕ ಹೋಗಬೇಕು?

ಸಂಜೀಕ ದವಾಖಾನಿಯಿಂದ ನಿಮ್ಮ ದೊಡ್ಡ ಮುತ್ಯಾ ಗ್ವಾಡಿ ಹಿಡಕೊಂಡು ಹೊರಗ ಬಂದ. ನನ್ನ ಮಾರಿ ನೋಡಲಿಲ್ಲ. ಮುಂದ ಆ ಸರಕಾರ ಬಿತ್ತು, ಕೋರ್ಟಿನ್ಯಾಗ ಮಂದಿ ಮತ್ತ ಮಾತಾಡಾಕತ್ರು. ಆ ವಕೀಲ ತಾನಾಗೇ ಮನೀಗೆ ಬಂದು ‘ಕೇಸ್ ಹಾಕೋಣೇನವಾ’ ಅಂದ. ‘ಗೆದ್ರ ಕೂಸು ಕೊಡತಾರೇನ್ರಿ?’ ಅಂದೆ. ನೀವು ನನಗ ಆಯಿ ಆಯಿ ಅಂತೀರಿ, ಖರೇ ಅಂದ್ರ ನನ್ನ ಮೈದುನನ ಮೊಮ್ಮಕ್ಕಳು ನೀವು. ನನ್ನ ಹೊಟ್ಟೀದು ಒಂದೂ ಇಲ್ಲೋ.

ಸರಕಾರ ಬ್ಯಾಡ ಅನ್ನಂಗಿಲ್ಲ ನಾ. ಆದ್ರ ಕಾವಲು ನಾಯಿ ಎಷ್ಟ ಚಲೋದಿರಲಿ, ಅದರ ಕೊರಳಾಗೂ ಒಂದು ಹಗ್ಗ ಇರಬೇಕು.