ಇನ್ನೂ ಕೆಳಗಿನ ಸಂಖ್ಯೆ

ಅಧ್ಯಕ್ಷರೇ, ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಸರ್ ಅವರೇ, ಅವರನ್ನು ಇಷ್ಟು ವರ್ಷ ನಮ್ಮ ಪ್ರಯೋಗಾಲಯಕ್ಕೆ ಬಿಟ್ಟುಕೊಟ್ಟ ಮೇಡಂ ಅವರೇ, ನನ್ನನ್ನು ಮೈಕಿನ ಮುಂದೆ ನೋಡಿ ನಗುತ್ತಿರುವ ಗೆಳೆಯರೇ, ಸಭಿಕರೇ,

ನಮ್ಮ ಕೆಲಸವೇನು? ಒಂದು ಚೂರು ಲೋಹದಲ್ಲಿ ಲೆಕ್ಕವಿಲ್ಲದಷ್ಟು ಎಲೆಕ್ಟ್ರಾನುಗಳಿರುತ್ತವೆ. ಒಂದು ಅಲುಗಿದರೆ ಉಳಿದವೂ ಅಲುಗುತ್ತವೆ. ಒಂದೊಂದನ್ನೇ ಬಿಡಿಸಿ ಲೆಕ್ಕ ಹಾಕಲಾಗದು. ಹಾಗಾಗಿ ಅವೆಲ್ಲ ಹೇಗೆ ನೆಲೆಸಿರಬಹುದೆಂದು ಊಹಿಸುತ್ತೇವೆ, ಆ ಊಹೆಯನ್ನು ಕಂಪ್ಯೂಟರಿನಲ್ಲಿ ತಿದ್ದುತ್ತಾ ಹೋಗುತ್ತೇವೆ. ಯಾರು ಊಹಿಸಿದ ಜೋಡಣೆಯಲ್ಲಿ ಎಲೆಕ್ಟ್ರಾನುಗಳ ಒಟ್ಟು ಶಕ್ತಿ, ಅಂದರೆ ಎನರ್ಜಿ, ಕಡಿಮೆ ಬರುತ್ತದೋ ಅವರೇ ನಿಜಕ್ಕೆ ಹತ್ತಿರ. ಕಡಿಮೆ ಅಂಕ ತೆಗೆದವರು ಗೆಲ್ಲುವ ಪರೀಕ್ಷೆ ಬೇರೆಲ್ಲಿದೆ ಹೇಳಿ?

ಸರ್ ಅವರ ಲೆಕ್ಕದಲ್ಲಿ ಬಂದ ಶಕ್ತಿಯ ಸಂಖ್ಯೆ ಇಷ್ಟು ವರ್ಷ ಎಲ್ಲರದಕ್ಕಿಂತ ಕೆಳಗಿತ್ತು. ಇಂದು ಕೊಡಲಿರುವ ಫಲಕದ ಮೇಲೂ ಅದನ್ನೇ ಕೆತ್ತಿಸಿದ್ದೇವೆ.

ನಮ್ಮಪ್ಪ ಬಸ್ ಓಡಿಸುತ್ತಿದ್ದರು. ಚಿಕ್ಕವಳಿದ್ದಾಗ ಒಮ್ಮೆ, "ಅಪ್ಪಾ, ನಾವು ತಿರುಗಬೇಕಾದ ದಾರಿ ಹಿಂದೇನೇ ಹೋಯ್ತು" ಅಂದೆ. "ಬಸ್ ಓಡಿಸೋಳು ನೀನೋ ನಾನೋ?" ಅಂದವರು ವಾರಗಟ್ಟಲೆ ನನ್ನೊಡನೆ ಮಾತು ಬಿಟ್ಟರು. ಅಂದಿನಿಂದ ದೊಡ್ಡವರಿಗೆ ತಪ್ಪು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಇದನ್ನೇಕೆ ಹೇಳಿದೆನೋ.

ಮೊನ್ನೆ ಸರ್ ಅವರ ಹಳೆಯ ಲೆಕ್ಕವನ್ನು ಮತ್ತೆ ಓಡಿಸಿದೆ. ಅವರು ಎಲೆಕ್ಟ್ರಾನುಗಳನ್ನು ಅಚ್ಚುಕಟ್ಟಾಗಿ ಸಾಲಿನಲ್ಲಿ ನಿಲ್ಲಿಸಿ ಶುರುಮಾಡಿದ್ದರು. ಅಷ್ಟು ಒಪ್ಪವಾಗಿ ಶುರುವಾದ ಲೆಕ್ಕ ಕೆಲವೊಮ್ಮೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೆಳಗೆ ಇನ್ನೂ ಜಾಗವಿದ್ದರೂ ಅದಕ್ಕೆ ಕಾಣುವುದಿಲ್ಲ. ನಾನು ಆ ಸಾಲನ್ನು ಕೊಂಚ ಕೆದರಿಬಿಟ್ಟೆ. ಸಂಖ್ಯೆ ಇಳಿಯಿತು. ಸರ್ ಅವರದಕ್ಕಿಂತಲೂ ಕೆಳಗೆ.

ಬೀಳ್ಕೊಡುಗೆ ಮುಗಿಯಲಿ ಎಂದು ಬಾಯಿಮುಚ್ಚಿಕೊಂಡಿದ್ದೆ. ಇಂದು ಬೆಳಗ್ಗೆ ಸರ್ ನನ್ನ ಪರದೆ ನೋಡಿಬಿಟ್ಟರು. ಕುರ್ಚಿ ಎಳೆದುಕೊಂಡು ಕೂತರು. ಎರಡೂ ಸಂಖ್ಯೆಗಳನ್ನು ಬೆರಳಿಟ್ಟು ಹೋಲಿಸಿದರು.

"ಯಾಕಮ್ಮಾ ಹೇಳ್ಲಿಲ್ಲ?"

"ನಾಳೆ ಹೇಳೋಣ ಅಂತಿದ್ದೆ ಸರ್."

"ನಾಳೆ ನಾನೆಲ್ಲಿರ್ತೀನಿ? ಮನೇಲಿ ಬೀನ್ಸ್ ನಾರು ತೆಗೀತಾ ಇರ್ತೀನಿ. ಇವತ್ತು ಮೈಕಲ್ಲೇ ಹೇಳು. ನನ್ನ ಬೆನ್ನ ಹಿಂದೆ ಬೇಡ, ಮುಂದೆ ಹೇಳು. ಇಲ್ದಿದ್ರೆ ನಾನು ವೇದಿಕೆ ಹತ್ತಲ್ಲ."

ಸರ್ ವೇದಿಕೆ ಹತ್ತಿದ್ದಾರೆ. ಇನ್ನು ನನಗೆ ತಪ್ಪಿಸಿಕೊಳ್ಳಲು ದಾರಿಯುಂಟೇ?

ಸರ್, ನಿಮ್ಮ ಉತ್ತರ ತಪ್ಪು.

ಅಧ್ಯಕ್ಷರು ಗಾಬರಿಯಾಗಬಾರದು. ಮೊದಲು ಚಪ್ಪಾಳೆ ತಟ್ಟಿದವರು ಸರ್ ಅವರೇ. ಈಗ ಕನ್ನಡಕ ಬೇರೆ ಹಾಕಿಕೊಂಡರು. ಅಂದರೆ ನನ್ನ ಲೆಕ್ಕದಲ್ಲಿ ತಪ್ಪು ಹುಡುಕಲು ಹೊರಟರೆಂದೇ ಅರ್ಥ. ಹುಡುಕಿ ಸರ್. ನಿಮ್ಮಷ್ಟು ಚೆನ್ನಾಗಿ ಹುಡುಕುವವರು ನಮಗಿಲ್ಲ. ನಾಳೆಯೂ ಬನ್ನಿ, ನನ್ನ ಪಕ್ಕದ ಕುರ್ಚಿ ಖಾಲಿಯೇ ಇರುತ್ತದೆ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ. ನಮಸ್ಕಾರ.