ಗಂಗಿ ಹಾಡು ಕುಣಿಯೂ ಹಾಡಾದದ್ದು

ಅಲ್ಲವ್ವಾ, ಅದು ಲಗ್ನದ ಹಾಡಲ್ಲ, ಕುಣಿಯೂ ಹಾಡೂ ಅಲ್ಲ. ನೀವು ಮೊಬೈಲ್‌ನ್ಯಾಗ ಹಚ್ಚಿ 'ಆಜಿ, ಮಸ್ತ್ ಗಾನಾ ಹೈ' ಅಂತೀರಿ, ನಿಮಗೇನ್ ಗೊತ್ತು ಪಾಪ. ಅದು ನನ್ನ ಗಂಗಿ ಹಾಡು. ಗಂಗಿ ಅಂದ್ರ ನಿಮ್ಮಪ್ಪನಕಿಂತ ಮೊದಲ ಹುಟ್ಟಿದ ನನ್ನ ಚೊಚ್ಚಲ ಮಗಳು. ಆಗ ಪರೇಲ್ ಚಾಳಿನ್ಯಾಗ ಒಂದಽ ಕೋಣಿ ಮನ್ಯಾಗ ಇದ್ವಿ, ಈ ದಹಿಸರ್ ಬಿಲ್ಡಿಂಗಿಗೆ ಆಮ್ಯಾಲ ಬಂದದ್ದು. ಮುಷ್ಕರ ಆಗಿ ನಿಮ್ಮಜ್ಜನ ಮಿಲ್ ಬಂದ್ ಬಿದ್ದಿತ್ತು. ಒಂದ್ ಹೊತ್ತು ಸ್ಟೋವ್ ಹತ್ತಿದ್ರ ಇನ್ನೊಂದ್ ಹೊತ್ತು ಇಲ್ಲ. ಎದಿಯಾಗ ಹಾಲು ಬತ್ತಿತ್ತು ನನಗ. ಎಂಟು ತಿಂಗಳ ಕೂಸು, ಇಲ್ಲ ಇಲ್ಲ, ಒಂಬತ್ತು ತುಂಬಿತ್ತು, ಜ್ವರ ಬಂದು ಮೂರು ದಿನದಾಗ ಹೋತು. ಹೊರಗ ಮಳಿ ಅಂದ್ರ ಮಳಿ. ನಿಮ್ಮಜ್ಜ ಕೂಸಿನ್ನ ಎದಿಗವಚಿಕೊಂಡು ಮಣ್ಣಿಗೆ ಒಯ್ಯೂಮುಂದ ಛತ್ರಿ ಬಾಗಲಾಗಽ ಬಿಟ್ಟು ಹೋದ್ರು. ಅದನ್ನ ನೋಡಕೋತ ಕುಂತಾಗ ತಾನಽ ಬಾಯಿಗೆ ಬಂತು: 'ಮಳ್ಯಾಗ ಹೋದಿ, ಛತ್ರಿ ಮರತಿ, ತೊಟ್ಟಲ ನಿನ್ನ ದಾರಿ ನೋಡತೈತಿ.' ನನ್ನ ತಮ್ಮ ಮಲ್ಲು ನಮ್ಮ ಖೋಲಿಯಾಗಽ ಇದ್ದ, ಭಜನಿ ಮ್ಯಾಳದಾಗ ಹಾಡಾಂವ. ಅಳಕೋತ ಅಂದ: 'ಅಕ್ಕಾ, ಇನ್ನೊಮ್ಮಿ ಹೇಳ, ಬರಕೋತೀನಿ. ನೀ ಮರತ್ರ ಗಂಗಿ ಖರೇನಽ ಹೋಗಿಬಿಡ್ತಾಳ.' ಹೇಳಿದೆ. ಒಡಹುಟ್ಟಿದಾಂವ, ಹೇಳಲಾರ್ದಽ ಇರ್ತೀನೇನು?

ಆಮ್ಯಾಲ ಒಂದೆರಡು ವರ್ಷಕ್ಕ ನಾ ಕಾಂದಿವಲಿ ಕ್ಯಾಸೆಟ್ ಫ್ಯಾಕ್ಟರಿ ಸೇರಿದೆ. ಡಬ್ಬಿಯೊಳಗ ಹೆಸರಿನ ಕಾಗದ ಮಡಚಿ ಹಾಕೂ ಕೆಲಸ. ಒಂದಿನ ಮರಾಠಿ ಸೂಪರ್‌ವೈಸರ್ ಬಾಯಿ ಕರದ್ಲು: 'ಏ ಕಾನಡಿ, ಇಲ್ಲಿ ನೋಡು, ಇದು ಸೀದಾ ಐತೋ ಉಲ್ಟಾನೋ?' ಕನ್ನಡ ಅಕ್ಷರ ಓದಾಕಿ ಅಲ್ಲಿ ನಾ ಒಬ್ಬಾಕಿನಽ ನೋಡು. ಓದಿದೆ. ಹಾಡು, ಸಾಹಿತ್ಯ, ಗಾಯನ, ಎಲ್ಲಾ ಮಲ್ಲುಂದಽ. ಖುಷಿ ಆತು ನನಗ! ನಮ್ಮ ತಮ್ಮ ಅಂತ ಎಲ್ಲಾರಿಗೂ ತೋರಿಸಿದೆ. ಆಕಿ ಮಶಿನ್‌ಗೆ ಹಾಕಿದ್ಲು, ಢೋಲಕಿ ಸುರು ಆತು: 'ಮಳ್ಯಾಗ ಬಾರ, ಛತ್ರಿ ಮರತು, ಹರೇದ ಹುಡುಗ ದಾರಿ ನೋಡತಾನ!' ತೊಟ್ಟಲ ಕಿತ್ತು ಹುಡುಗನ್ನ ಕೂಡಿಸ್ಯಾನವ್ವಾ. ಹೆಣ್ಣುಮಕ್ಕಳೆಲ್ಲ ಕುಂತಲ್ಲೇ ಹೆಗಲು ಕುಣಿಸಿದ್ರು. ನಾ ಸಂಜಿತನಕ ಆ ಕಾಗದಾನಽ ಮಡಚಿದೆ.

ಮಲ್ಲುನ ಮನಿಗೆ ಹೋಗಿ ಕೇಳಿದೆ. 'ಅಕ್ಕಾ, ಸತ್ತ ಕೂಸಿನ ಹಾಡು ಯಾರ್ ಕೇಳ್ತಾರ? ಈಗ ಮನಿಮನ್ಯಾಗ ಐತಿ' ಅಂದ. 'ಇರಲಿ, ಯಾಕ ಹುಟ್ಟಿದ ಹಾಡು ಅನ್ನೂದಷ್ಟು ಮಂದ್ಯಾಗ ಹೇಳು' ಅಂದೆ. ಕೈ ಮ್ಯಾಲ ಕೈ ಇಟ್ಟ. 'ರಾಜ್ಯೋತ್ಸವ ಸ್ಟೇಜಿನ್ಯಾಗ ಹೇಳ್ತೀನಿ, ನಿನ್ನಾಣಿ.'

ನಾನೂ ನಿಮ್ಮಜ್ಜಾನೂ ಹೋದ್ವಿ, ಇಳಕಲ್ ಸೀರಿ ಉಟಗೊಂಡು. ಮೂರನೇ ಸಾಲಿನ್ಯಾಗ ಕುಂತ್ವಿ, ಅಲ್ಲ, ಎರಡನೇದು. ಸ್ಟೇಜಿನ ಮ್ಯಾಲಿಂದ ಅವನಿಗೆ ಎದುರಽ ಕಾಣ್ತಿದ್ವಿ. ಮೈಕ್ ಹಿಡದಾಂವ ಕೇಳಿದ: 'ಈ ಹಾಡು ಹೆಂಗ ಹುಟ್ಟಿತ್ರಿ?' ಮಲ್ಲು ನನ್ನ ಮಾರಿ ನೋಡಿದ. ನೋಡಿ, ನಕ್ಕು ಅಂದ: 'ಒಂದಿನ ದಾದರ್ ಸ್ಟೇಶನ್‌ನ್ಯಾಗ ಲೋಕಲ್ ಕಾಯಕೋತ ನಿಂತಿದ್ದೆ, ಒಬ್ಬಾಕಿ ಹುಡುಗಿ ತೊಯ್ಸಕೊಂಡು ಹೊಂಟಿದ್ಲು. ಅಲ್ಲೇ ಹೊಳೀತು.' ಮಂದಿ ಕೇಕಿ ಹೊಡದ್ರು. ಎದ್ದು ಹೇಳಬೇಕಿತ್ತು ನಾ. 'ಸುಳ್ಳು, ಆಕಿ ಹುಡುಗಿ ಅಲ್ಲ, ನನ್ನ ಕೂಸು' ಅಂತ ಒದರಬೇಕಿತ್ತು. ಎಲ್ಲಾರೂ ಚಪ್ಪಾಳಿ ಬಡದ್ರು, ನಾನೂ ಬಡದೆ ನೋಡು. ಅದಽ ಇವತ್ತಿಗೂ ಉರೀತೈತಿ, ಅವ ಹೇಳಿದ್ದಕಿಂತ ಜಾಸ್ತಿ. ಆಮ್ಯಾಲ ಮಲ್ಲುನ ಹೊಸ್ತಿಲ ನಾ ತುಳೀಲಿಲ್ಲ. ಅವ ಸತ್ತಾಗ ಹೋಗಿದ್ದೆ, ಹೋಗಲಾರ್ದಽ ಇರಾಕಾಗೂದಿಲ್ಲ. ಅಲ್ಲೀನೂ ಮಂದಿ ದಾದರ್ ಸ್ಟೇಶನ್ ಕಥಿನಽ ಹೇಳಿ ಹೇಳಿ ಅತ್ರು.

ನಿಮ್ಮ ಮಾತು ನೀವಽ ಆಡ್ರಿ, ನನ್ನ ಪರವಾಗಿ ನೀ ಹೇಳು ಅಂತ ಒಡಹುಟ್ಟಿದವ್ರಿಗೂ ಬಿಡಬ್ಯಾಡ್ರಿ. ಏಳ್ರಿನ್ನ, ಚಾ ಆರತೈತಿ.