ಎರಡೂ ಎಡತೋಳು

ಔಷಧಿ ಕಿಟಕಿಯ ಮುಂದೆ ಸರದಿಗೆ ಕಾದು ಕೂತಿದ್ದ ಮುದುಕಿಗೆ, ಪಕ್ಕದಲ್ಲಿದ್ದ ದರ್ಜಿ ಮತ್ತು ಅವನ ಅಕ್ಕನ ಜಗಳ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಮೂರು ಅಂಗಿಗೂ ಎರಡೆರಡು ಎಡತೋಳೇ ಕತ್ತರಿಸಿದೀಯಂತೆ. ಕುಡಿದಿದೀಯಾ ಅಂತ ಮಾಲೀಕ ಕೇಳಿದ್ರೆ ಹೂಂ ಅಂದ್ಯಂತೆ!”

“ಅಂದೆ.”

“ಹನಿ ಮುಟ್ಟದವನು, ನಿನ್ನ ಬಾಯಿಗೆ ಮಣ್ಣು ಹಾಕ! ಎಚ್‌ಐವಿ ಮಿದುಳಿಗೂ ಹೋಗತ್ತೆ, ಅದಕ್ಕೇ ಈ ಮರೆವು ಅಂತ ಡಾಕ್ಟರು ಈಗ ತಾನೆ ಬಿಡಿಸಿ ಹೇಳಲಿಲ್ವಾ? ಅವರು ಬರೆದುಕೊಟ್ಟ ಚೀಟೀನ ಆ ಮಾಲೀಕನ ಮುಖಕ್ಕೆ ಹಿಡಿ.”

“ಹಿಡಿದ್ರೆ ನಾನು ಮುಟ್ಟಿದ ಕತ್ತರೀನೂ ಯಾರೂ ಮುಟ್ಟಲ್ಲ.”

“ಹಂಗಂತ ಕುಡುಕ ಅನ್ನಿಸ್ಕೋತೀಯಾ?”

“ಕುಡುಕನಿಗೆ ನಾಳೆ ಕೆಲಸಕ್ಕೆ ಬಾ ಅಂದಿದಾನೆ, ಅಕ್ಕಾ.”

ಕಿಟಕಿಯಿಂದ ಅವನ ನಂಬರನ್ನು ಎರಡು ಸಲ ಕೂಗಿದರೂ ಅವನು ಅಲ್ಲಾಡಲಿಲ್ಲ. ಅಕ್ಕ ರಟ್ಟೆ ಹಿಡಿದು ಎಬ್ಬಿಸಿದಳು.

“ಏಳೋ, ನಿನ್ನನ್ನೇ ಕೂಗ್ತಿರೋದು!”